ಕೊಡುವುದಿಲ್ಲ ಎಂಬ ಪತ್ರ

ನನ್ನ ಕ್ಲಾಸಿನ ಕಪ್ಪುಹಲಗೆ ಒರೆಸೋದು ಒಂದು ಸನ್ಮಾನದ ಶಾಲಿನಿಂದ. ಕೆಂಪು ಬಣ್ಣ, ಅಂಚಿಗೆ ಜರಿ, ಅಪ್ಪಟ ಪಾಲಿಯೆಸ್ಟರ್. ಸೀಮೆಸುಣ್ಣ ಅದಕ್ಕೆ ಹತ್ತೋದೇ ಇಲ್ಲ, ಹಲಗೆ ತುಂಬಾ ಬಳಿದುಕೊಂಡು ಇನ್ನಷ್ಟು ಬೆಳ್ಳಗಾಗ್ತದೆ. ಬೇರೆ ಡಸ್ಟರ್ ಇಲ್ಲವೇನ್ರೀ ಅಂತ ಹೊಸದಾಗಿ ಬಂದ ಹೆಡ್ಮಾಸ್ಟರ್ ಒಂದು ಸಲ ಕೇಳಿದರು. ಐತೆ ಸರ್, ಆದರೆ ಇದರಲ್ಲಿ ಒರೆಸಿದರೇನೇ ನನಗೆ ಸಮಾಧಾನ ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಸಿಟ್ಟು ಹೊನ್ನಾಳಿಯಲ್ಲಿ ಬಹಳ ಜನಕ್ಕೆ ಗೊತ್ತು.

ಆ ಶಾಲು ಹೊದಿಸಿದ ಮನುಷ್ಯನ ಮೇಲಿನ ಹಗೆಯನ್ನ ನಾನು ಮಕ್ಕಳನ್ನ ಸಾಕಿದಂಗೆ ಸಾಕಿದೀನಿ. ಅದರ ಕಥೆ ಹೇಳ್ತೀನಿ ಕೇಳ್ರಿ. ಕೊನೆಗೆ ಕ್ಷಮಿಸಿಬಿಟ್ಟೆ ಅಂತ ಬರ್ತದೆ ಅಂದ್ಕೋಬೇಡ್ರಿ, ಬರಲ್ಲ.

ನಮ್ಮೂರು ಬಿಳಿಚೋಡು, ಜಗಳೂರು ತಾಲ್ಲೂಕು. ನಮ್ಮಪ್ಪನದು ಮೈಕ್‌ಸೆಟ್. ಮದುವೆ, ಗೃಹಪ್ರವೇಶ, ಶಾಲೆ ವಾರ್ಷಿಕೋತ್ಸವ, ಎಲೆಕ್ಷನ್ ಭಾಷಣ, ಯಾವುದೇ ಇರಲಿ, ಅಪ್ಪ ಹಾರ್ನು, ಆಂಪ್ಲಿಫೈಯರು, ವೈರಿನ ಸುರುಳಿ ಟೆಂಪೋಗೆ ಹೇರಿಕೊಂಡು ಹೊರಡ್ತಿದ್ದ. ರಜಾ ಇದ್ದರೆ ನಾನೂ ಹತ್ತಿ ಕೂರ್ತಿದ್ದೆ. ಯಾವ ಮೈಕೂ ಸಿಗಿಸದಿದ್ದರೂ ಸ್ಪೀಕರ್ ಸುಮ್ಮನಿರ್ತಿರಲಿಲ್ಲ, ಸೊಯ್ ಅಂತ ಒಂದು ಸದ್ದು ಬರ್ತಾನೇ ಇರ್ತಿತ್ತು. ಡಿಗ್ರಿಯಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು, ಆಂಟೆನಾದಲ್ಲಿ ಬರೋ ಅಂಥ ಸದ್ದಿನಲ್ಲಿ ಸ್ವಲ್ಪ ಪಾಲು ಆಕಾಶದಿಂದಲೇ ಬರ್ತದೆ, ಅದನ್ನ ಕೇಳಿಸಿಕೊಂಡೇ ನಕ್ಷತ್ರ ಓದೋರು ಇದ್ದಾರೆ ಅಂದಾಗ ನನ್ನ ತಲೆ ತಿರುಗಿಹೋಯ್ತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಹಣೆ ಬಡಿದುಕೊಂಡ. "ಅಯ್ಯೋ ಶಿವನೇ, ಇಷ್ಟು ವರ್ಷ ವೈರ್ ಲೂಸು ಅಂತ ಸುಮ್ನೆ ಬೈಕಂತಿದ್ನಲ್ಲೇ!"

ಆವತ್ತೇ ನಿಶ್ಚಯ ಆಯ್ತು, ನಾನು ಖಗೋಳಶಾಸ್ತ್ರ ಓದಬೇಕು. ಎರಡು ದಿನದ ರೈಲು ದಾರಿಯ ದೂರದ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಸೀಟೂ ಸಿಕ್ಕಿತು. ಸೀಟು ಸಿಗೋದು ಸುಲಭದ ಪಾಲು ಅಂತ ಆಮೇಲೆ ಗೊತ್ತಾಯ್ತು. ನರ್ಸಿಂಗಿಗೆ, ಡಿಪ್ಲೊಮಾಕ್ಕೆ, ಇಂಜಿನಿಯರಿಂಗಿಗೆ ನೆರವು ಕೊಡೋರು ಸಿಗ್ತಿದ್ದರು. ಆಕಾಶ ಓದ್ತೀನಿ ಅಂದರೆ, ಓದಿ ಏನು ಮಾಡ್ತೀಯಮ್ಮ ಅಂತ ಮುಖ ನೋಡ್ತಿದ್ದರು. ಹುಡುಕಿ ಹುಡುಕಿ ಮೇಷ್ಟ್ರೇ ಒಂದು ವಿದ್ಯಾರ್ಥಿವೇತನ ಪತ್ತೆ ಮಾಡಿ ಕೊಟ್ಟರು. ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಾ ಅವರದೇ. ಆದಾಯ ಪ್ರಮಾಣಪತ್ರಕ್ಕೆ ಅಂತ ನಾಡಕಚೇರಿಗೆ ಅಪ್ಪ ಓಡಾಡಿದ ಓಡಾಟಕ್ಕೆ ಅವನ ಚಪ್ಪಲಿ ಕಿತ್ತುಹೋಯ್ತು.

ಅರ್ಜಿ ತುಂಬುತ್ತಿದ್ದ ವಾರದಲ್ಲೇ ಜಗಳೂರಿನಲ್ಲಿ ಒಂದು ಸಂಘದವರ ಪ್ರತಿಭಾ ಪುರಸ್ಕಾರ. ನನಗೂ ಸನ್ಮಾನ ಇತ್ತು. ಮೈಕು ಅಪ್ಪನದು. ಮುಖ್ಯ ಅತಿಥಿ ಚನ್ನಗಿರಿಯ ಅಡಿಕೆ ಮಂಡಿ ಸಾವ್ಕಾರ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬಾ ವಿಭೂತಿ. ನನಗೆ ಈ ಕೆಂಪು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕ್ ಹಿಡಿದು ಹೇಳಿದರು: "ಈ ಮಗಳ ಓದಿನ ಸಂಪೂರ್ಣ ಖರ್ಚು ನಂದು!" ಏನ್ ಚಪ್ಪಾಳೆ ಅಂತೀರಿ. ಅಪ್ಪ ಸ್ಟೇಜಿನ ಪಕ್ಕ ಆಂಪ್ಲಿಫೈಯರ್ ಮುಂದೆ ಕೂತಿದ್ದವನು ಎದ್ದು ನಿಂತು, ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡ. ಅವನ ಹಾರ್ನಿನಲ್ಲೇ ಆ ಮಾತು ಇಡೀ ಜಗಳೂರಿಗೆ ಕೇಳಿಸಿತ್ತು. ಮಾರನೇ ದಿನ ಪೇಪರಿನಲ್ಲಿ ಫೋಟೋ ಸಮೇತ ಬಂತು.

ಅರ್ಜಿಯಲ್ಲಿ ಒಂದು ಕಾಲಂ ಇತ್ತು. ಬೇರೆ ಯಾವುದಾದರೂ ಮೂಲದಿಂದ ನೆರವು ಸಿಗುತ್ತಿದೆಯೇ, ಇದ್ದಲ್ಲಿ ದಾಖಲೆ ಲಗತ್ತಿಸಿ. ಇಲ್ಲ ಅಂತ ಬರೆಯೋಣ ಅಂದೆ. ಅಪ್ಪ ನನ್ನನ್ನ ಗದರಿಸಿದ.

"ಸುಳ್ಳು ಬರೆಯಾಕೆ ಹೋಗಬ್ಯಾಡ. ಅಷ್ಟು ದೊಡ್ಡ ಮನುಷ್ಯರು ನಿನ್ನ ಬೆನ್ನಿಗೆ ಅವ್ರೆ ಅಂತ ಗೊತ್ತಾದರೆ ಸ್ಕಾಲರ್‌ಶಿಪ್ ಕೊಡೋರಿಗೂ ಒಂದು ಧೈರ್ಯ ಬರ್ತೈತೆ."

ನಮ್ಮ ಕಡೆ ಹಂಗೇ ನೋಡ್ರಿ. ಎಲ್ಲಿ ಏನು ಕೆಲಸಕ್ಕೆ ಹೋದರೂ ಇಂಥವರ ಕಡೆಯವರು ಅಂತ ಒಂದು ಹೆಸರು ಹೇಳಿದರೇ ಕುರ್ಚಿ ಸಿಗೋದು. ಅಪ್ಪನಿಗೆ ಆ ಕಾಲಂ ಶಿಫಾರಸಿನ ಜಾಗದಂಗೆ ಕಾಣಿಸಿತು. ನನಗೂ ಹೌದು ಅನ್ನಿಸಿತು, ತಪ್ಪೆಲ್ಲ ಅಪ್ಪನ ತಲೆಗೆ ಕಟ್ಟಲ್ಲ ನಾನು. ಪೇಪರ್ ತುಂಡು ಜೆರಾಕ್ಸ್ ಮಾಡಿಸಿದೆವು. ದೃಢೀಕರಿಸಿದ ಪ್ರತಿ ಬೇಕು ಅಂತ ಇತ್ತಲ್ಲ, ಅಪ್ಪ ಅದನ್ನ ತಗೊಂಡು ಪಶುವೈದ್ಯರ ಹತ್ರ ಹೋದ, ನಮ್ಮ ಸುತ್ತಮುತ್ತ ಹಸಿರು ಇಂಕಿನಲ್ಲಿ ಸಹಿ ಹಾಕೋ ಅಧಿಕಾರಿ ಅಂದರೆ ಅವರೊಬ್ಬರೇ. ಅವರು ಕುರಿಗೆ ಇಂಜೆಕ್ಷನ್ ಕೊಡ್ತಿದ್ದ ಕೈ ಒರೆಸಿಕೊಂಡು, ಪೇಪರಿನ ಫೋಟೋ ಮೇಲೇ 'ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ' ಅಂತ ಬರೆದು ಸಹಿ ಹಾಕಿ ಸೀಲ್ ಒತ್ತಿದರು. ಸೀಲು ಸಾವ್ಕಾರ್ರ ಹಣೆ ಮೇಲೇ ಬಿತ್ತು. ನಗ್ರಿ, ನಗ್ರಿ. ಈಗ ನೆನಸಿಕೊಂಡರೆ ನನಗೂ ನಗು ಬರ್ತದೆ, ಆಮೇಲೆ ಹಲ್ಲು ಕಡೀತೀನಿ.

ಉತ್ತರ ಬಂತು. ನಿಮಗೆ ದಾನಿಗಳಿಂದ ಪೂರ್ಣ ನೆರವು ದೊರೆತಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಒಂದು ವೇಳೆ ಅಂಥ ನೆರವು ದೊರೆಯುತ್ತಿಲ್ಲವಾದರೆ ದಾನಿಗಳಿಂದಲೇ ಪತ್ರ ತಂದು ಈ ತಿಂಗಳ ಕೊನೆಯೊಳಗೆ ಸಲ್ಲಿಸಬಹುದು.

ಅಪ್ಪ ಗಾಬರಿ ಆಗಲೇ ಇಲ್ಲ. "ಅವರು ಕೊಡ್ತಾರಲ್ಲ, ಇವರದು ಯಾಕೆ ಬೇಕು ಬಿಡು" ಅಂತ ನನ್ನನ್ನ ಕರಕೊಂಡು ಚನ್ನಗಿರಿಗೆ ಹೊರಟ. ದಾವಣಗೆರೆಯಲ್ಲಿ ಬಸ್ ಬದಲಿಸಿ, ಸಂತೇಬೆನ್ನೂರು ದಾಟಿ, ಮಧ್ಯಾಹ್ನದ ಹೊತ್ತಿಗೆ ಮಂಡಿಗೆ ಬಂದೆವು. ಗೋಣಿಚೀಲದ ರಾಶಿ, ಬೇಯಿಸಿದ ಅಡಿಕೆಯ ಒಗರು ವಾಸನೆ. ಸಾವ್ಕಾರ್ರು ಗಾದಿ ಮೇಲೆ ಕೂತಿದ್ದರು. ಬಹಳ ಪ್ರೀತಿಯಿಂದ ಮಾತಾಡಿಸಿದರು, ಟೀ ತರಿಸಿದರು. "ಸೀಸನ್ ಒಂದು ಮುಗೀಲಿ, ನೋಡಾಣ" ಅಂದರು.

ಎರಡನೇ ಸಲ ಹೋದಾಗ ಅವರು ಮಂಡಿಯಲ್ಲಿ ಇರಲಿಲ್ಲ, ಬಸವಾಪಟ್ಟಣದಲ್ಲಿ ಏನೋ ಕಾರ್ಯಕ್ರಮ ಅಂದರು. ಅಲ್ಲಿಗೂ ಬೆನ್ನುಹತ್ತಿ ಹೋದೆವು. ಶಾಮಿಯಾನದ ಹಿಂದೆ ನಿಂತು ನೋಡಿದರೆ, ಪುಣ್ಯಾತ್ಮ ಮೈಕ್ ಹಿಡಿದು ಇನ್ಯಾವುದೋ ಶಾಲೆಗೆ ಕಾಂಪೌಂಡ್ ಗೋಡೆ ಕಟ್ಟಿಸಿಕೊಡ್ತೀನಿ ಅಂತ ಹೇಳ್ತಿದ್ದರು. ಅದೇ ಗಂಟಲು, ಅದೇ ಏರಿಳಿತ, ಅದೇ ಚಪ್ಪಾಳೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಆ ಊರಿನ ಹಾರ್ನ್ ನೋಡ್ತಿದ್ದ.

ಮೂರನೇ ಸಲಕ್ಕೆ ತಿಂಗಳು ಮುಗಿಯೋಕೆ ಎರಡೇ ದಿನ. ಈ ಸಲ ದುಡ್ಡು ಕೇಳಾಕೆ ಹೋಗಲಿಲ್ಲ. ಜಗಳೂರಿನಲ್ಲಿ ಪತ್ರ ಟೈಪ್ ಮಾಡಿಸಿಕೊಂಡು ಹೋಗಿದ್ದೆವು. 'ಸದರಿ ವಿದ್ಯಾರ್ಥಿನಿಗೆ ನಾನು ಯಾವುದೇ ರೀತಿಯ ಹಣಕಾಸಿನ ನೆರವು ನೀಡಿರುವುದಿಲ್ಲ, ನೀಡುತ್ತಿಲ್ಲ.' ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ಸಾವ್ಕಾರ್ರು ಓದಿದರು. ಮುಖ ಗಂಟಾಯ್ತು.

"ನಾನು ಕೊಡಲ್ಲ ಅಂತ ಯಾವಾಗ ಹೇಳಿದೆ?"

"ಹಂಗಾರೆ ಕೊಡ್ರಿ ಸಾವ್ಕಾರ್ರೇ" ಅಂದ ಅಪ್ಪ.

"ಕೊಡ್ತೀನಿ ಅಂದೀನಲ್ಲಪ್ಪ. ಸಾವಿರ ಜನದ ಮುಂದೆ ಅಂದೀನಿ. ಈಗ ಕೊಡಲ್ಲ ಅಂತ ಬರೆದುಕೊಟ್ಟರೆ ನನ್ನ ಮರ್ಯಾದೆ ಏನಾಗ್ತೈತೆ?"

"ಬುದ್ಧಿ, ಒಂದು ಸಹಿ. ಯಾರಿಗೂ ತೋರಿಸಲ್ಲ. ಆಣೆ ಮಾಡಿ ಹೇಳ್ತೀನಿ."

"ಟೀ ಕುಡೀರಿ" ಅಂತ ಅವರು ಗ್ಲಾಸನ್ನ ಆ ಪತ್ರದ ಮೇಲೇ ಇಟ್ಟರು. ಹಾಳೆಯ ಮೂಲೆಗೆ ಒಂದು ದುಂಡನೆ ಕಲೆ ಬಿತ್ತು. ನಾನು ಗ್ಲಾಸ್ ಎತ್ತಿ ಪಕ್ಕಕ್ಕಿಟ್ಟು, ಪತ್ರ ಮಡಚಿಕೊಂಡು ಎದ್ದುಬಂದೆ. ಟೀ ಕುಡಿಯಲಿಲ್ಲ. ಅಪ್ಪ ಮಾತ್ರ ಕುಡಿದ, ಬಿಟ್ಟರೆ ಅವರಿಗೆ ಬೇಜಾರಾಗ್ತದೆ ಅಂತ!

ತಿಂಗಳು ಮುಗೀತು. ಸೀಟು ಹೋಯ್ತು. ನಾನು ಬಿಎಡ್ ಮಾಡಿ ಮೇಷ್ಟ್ರಮ್ಮ ಆದೆ. ಇದು ಕೆಟ್ಟ ಬದುಕೇನಲ್ಲ, ಅನ್ನ ಕೊಟ್ಟೈತೆ. ಆದರೆ ಸೌರವ್ಯೂಹದ ಪಾಠ ಬಂದಾಗ ಪ್ರತಿ ವರ್ಷ ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕ್ತೀನಿ. ಅಪ್ಪ ಬಾಯಿಬಿಟ್ಟು ಯಾರಿಗೂ ಬೈಯಲಿಲ್ಲ. ಅವನು ಒಂದು ಬೇರೆ ಕೆಲಸ ಶುರುಮಾಡಿದ. ಯಾವುದೇ ಸ್ಟೇಜಿನಲ್ಲಿ ಯಾರಾದರೂ ಅಷ್ಟು ಕೊಡ್ತೀನಿ, ಇಷ್ಟು ಕೊಡ್ತೀನಿ ಅಂತ ಶುರುಮಾಡಿದರೆ ಸಾಕು, ವಾಲ್ಯೂಮ್ ಪೂರ್ತಿ ಇಳಿಸಿಬಿಡ್ತಿದ್ದ. ಏನ್ರೀ ಮೈಕು ಅಂದರೆ, ವೈರ್ ಲೂಸು ಅಂತಿದ್ದ. ಅದರಿಂದ ಎಷ್ಟೋ ಬಾಡಿಗೆ ಕಳಕೊಂಡ. ಮನೆಗೆ ಬಂದು ಮಾತ್ರ, ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ ಒಂದು ಮಾತು ಹೇಳ್ತಿದ್ದ. "ಆ ಪೇಪರ್ ತುಂಡು ನಾನು ಇಡಬಾರದಿತ್ತು ಕಣವ್ವ." ಎಷ್ಟು ವರ್ಷ ಹೇಳಿದ ಅಂದರೆ, ಅವನು ತುತ್ತು ಕಲಸೋಕೆ ಮುಂಚೆ ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸ್ತಿತ್ತು. ಸಾವ್ಕಾರನ ಮೇಲೆ ನನಗೆ ನಿಜವಾದ ಹಗೆ ಇದ್ದದ್ದು ಇದಕ್ಕೆ. ನನ್ನ ಸೀಟು ಕಳೆದದ್ದಕ್ಕಲ್ಲ, ಅಪ್ಪನನ್ನ ತಪ್ಪಿತಸ್ಥನ ಮಾಡಿದ್ದಕ್ಕೆ.

ನಾನೂ ಸುಮ್ಮನಿರಲಿಲ್ಲ. ಸ್ಕಾಲರ್‌ಶಿಪ್ಪುಗಳ ಒಂದೊಂದು ಷರತ್ತನ್ನೂ ಬಾಯಿಪಾಠ ಮಾಡಿದೆ. ಯಾವುದಕ್ಕೆ ಯಾವ ತಿಂಗಳಲ್ಲಿ ಅರ್ಜಿ, ಯಾರ ಸಹಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಎಲ್ಲಿ ಹೋಗಬೇಕು, ವಿಜ್ಞಾನ ಓದೋ ಹೆಣ್ಣುಮಕ್ಕಳಿಗೇ ಅಂತ ಏನೇನೈತೆ, ರಜಾದಲ್ಲಿ ವೀಕ್ಷಣಾಲಯದಲ್ಲಿ ಕೆಲಸ ಕಲಿತರೆ ಯಾರು ಊಟ ವಸತಿ ಕೊಡ್ತಾರೆ, ಎಲ್ಲಾ. ಹೊನ್ನಾಳಿ, ನ್ಯಾಮತಿ ಕಡೆಯ ಮಕ್ಕಳಿಗೆ ನಾನು ಸ್ಕಾಲರ್‌ಶಿಪ್ ಮೇಡಂ. ಒಂದು ನೀಲಿ ಫೈಲ್ ಸದಾ ನನ್ನ ಚೀಲದಲ್ಲಿ ಇರ್ತದೆ. ಅದರ ತಳದಲ್ಲಿ ಟೀ ಕಲೆಯ ಆ ಪತ್ರ.

ಈಗ ಈ ವರ್ಷದ ಮಾತಿಗೆ ಬರ್ತೀನಿ. ನ್ಯಾಮತಿಯ ಒಂದು ಹುಡುಗಿ, ನನ್ನ ಹಳೇ ವಿದ್ಯಾರ್ಥಿನಿ, ಬಿಎಸ್ಸಿ ಮುಗಿಸಿ ಖಗೋಳಶಾಸ್ತ್ರದ ಎಂಎಸ್ಸಿಗೆ ಸೀಟು ತಗೊಂಡಳು. ಅವಳವ್ವ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡ್ತಾಳೆ, ಅಪ್ಪ ಇಲ್ಲ. ನಾನೇ ಅರ್ಜಿ ಹಾಕಿಸಿದೆ. ಬೇರೆ ನೆರವು ಇಲ್ಲ ಅಂತ ಬರೆಸಿದೆ. ಮೊದಲ ಪಟ್ಟಿಯಲ್ಲಿ ಹೆಸರು ಬಂತು. ಕೊನೆಯ ದಾಖಲೆಗಳನ್ನ ಸೋಮವಾರ ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಹಾಕಬೇಕಿತ್ತು. ಭಾನುವಾರ ನ್ಯಾಮತಿಯ ಸಮುದಾಯ ಭವನದಲ್ಲಿ ಪ್ರತಿಭಾ ಪುರಸ್ಕಾರ, ಬರ್ರಿ ಮೇಡಂ ಅಂತ ಅವಳೇ ಆಹ್ವಾನ ಪತ್ರಿಕೆ ತಂದುಕೊಟ್ಟಳು. ಮುಖ್ಯ ಅತಿಥಿಯ ಹೆಸರು ಓದಿದೆ. ಅದೇ ಸಾವ್ಕಾರ್ರು, ಅದೇ ಚನ್ನಗಿರಿ.

ಹುಡುಗಿಗೆ ಹೋಗಬೇಡ ಅನ್ನಬಹುದಿತ್ತು. ಜ್ವರ ಅಂತ ಹೇಳಿ ಮನೇಲಿರು ಅಂದಿದ್ದರೆ ಮುಗೀತಿತ್ತು, ಸೋಮವಾರ ದಾಖಲೆ ಹಾಕಿ ಆರಾಮಾಗಿ ಇರಬಹುದಿತ್ತು. ನಾನು ಅನ್ನಲಿಲ್ಲ. ಹೋಗು, ಒಳ್ಳೆ ಸೀರೆ ಉಟ್ಕೊಂಡು ಹೋಗು, ನಾನೂ ಬರ್ತೀನಿ ಅಂದೆ. ಆವತ್ತೇ ಸಂಜೆ ಸೈಬರ್ ಸೆಂಟರಿನಲ್ಲಿ ಕೂತು ಅವಳ ಹೆಸರು ಹಾಕಿ, ಸಾವ್ಕಾರ್ರ ಸಹಿಗೆ ಜಾಗ ಬಿಟ್ಟು ಎರಡು ಪತ್ರ ಟೈಪ್ ಮಾಡಿಸಿದೆ.

ಸಾವ್ಕಾರ್ರಿಗೆ ವಯಸ್ಸಾಗಿತ್ತು. ಕೂದಲು ಬೆಳ್ಳಗಾಗಿ ಬಟ್ಟೆಗೆ ಹೊಂದಿಕೊಂಡಿತ್ತು. ಗಂಟಲು ಮಾತ್ರ ಹಂಗೇ. ಹುಡುಗಿಗೆ ಶಾಲು ಹೊದಿಸಿದರು, ಬುಟ್ಟಿ ಕೊಟ್ಟರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಹೇಳು, ಹೇಳೋ ಮಾರಾಯ, ಹೇಳು. ಹೇಳಿದರು. "ಈ ಮಗಳ ಓದಿನ ಸಂಪೂರ್ಣ ಖರ್ಚು ನಂದು!" ಚಪ್ಪಾಳೆ. ಮೊಬೈಲುಗಳು ಮೇಲೆದ್ದವು, ಪೇಪರಿನವನೊಬ್ಬ ಬರಕೊಂಡ. ಹುಡುಗಿಗೆ ಕಾಲಂ ನೆನಪಾಗಿ ಮುಖ ಸುಟ್ಟ ಬದನೆಕಾಯಿ ಆಯ್ತು. ನನ್ನ ಕಡೆ ನೋಡಿದಳು. ನಾನು ಆಗಲೇ ಸ್ಟೇಜ್ ಮೆಟ್ಟಿಲ ಮೇಲಿದ್ದೆ.

ಗುರುಗಳು ಎರಡು ಮಾತಾಡ್ತಾರೆ ಅಂತ ನಿರೂಪಕರು ಮೈಕ್ ಕೊಟ್ಟರು. ನಾನು ನಮಸ್ಕಾರ ಮಾಡಿ ಹೇಳಿದೆ. "ಸಾವ್ಕಾರ್ರೇ, ಬಹಳ ಸಂತೋಷ. ಈ ಹುಡುಗಿಗೆ ಒಂದು ಸ್ಕಾಲರ್‌ಶಿಪ್ ಐತೆ. ಬೇರೆಯವರು ಖರ್ಚು ಕೊಡ್ತಾರೆ ಅಂದರೆ ಅದು ರದ್ದಾಗ್ತದೆ. ನಾಳೆ ಸಂಜೆವರೆಗೇ ಟೈಮು. ಅದಕ್ಕೇ ಎರಡು ಪತ್ರ ತಂದೀನಿ. ಒಂದರಲ್ಲಿ, ಎರಡು ವರ್ಷದ ಖರ್ಚು ನಾನೇ ಕೊಡ್ತೀನಿ ಅಂತ ಐತೆ. ಇನ್ನೊಂದರಲ್ಲಿ, ಏನೂ ಕೊಡ್ತಿಲ್ಲ ಅಂತ ಐತೆ. ಯಾವುದಕ್ಕಾದರೂ ಸಹಿ ಹಾಕ್ರಿ. ಎರಡೂ ನಮಗೆ ಒಳ್ಳೇದೇ."

ಸಾವ್ಕಾರ್ರು ನಕ್ಕರು. "ಆಗಲಿ ತಾಯಿ, ಅದಕ್ಕೇನಂತೆ. ಮಂಡಿಗೆ ಬರ್ರಿ, ಕೂತು ಮಾತಾಡಾಣ."

"ಮಂಡಿಗೆ ಬಂದೀನಿ. ಮೂರು ಸಲ ಬಂದೀನಿ. ಟೀ ಚೆನ್ನಾಗಿರ್ತದೆ."

ಸಂಘದ ಅಧ್ಯಕ್ಷರು ಎದ್ದುಬಂದು, ಮೇಡಂ ಆಮೇಲೆ, ಮೇಡಂ ಆಮೇಲೆ ಅಂತ ಮೈಕಿಗೆ ಕೈಹಾಕಿದರು. ನಾನು ಬಿಡಲಿಲ್ಲ. ಕೊಡಲ್ಲ ಅಂತ ಬರೆದುಕೊಡೋದು ಶೋಭೆ ಅಲ್ಲ ಅಂತ ಸಾವ್ಕಾರ್ರು ಪಕ್ಕಕ್ಕೆ ತಿರುಗಿ ಕೂತರು. ಆ ಗಳಿಗೆಯಲ್ಲಿ ನನಗೆ ಹೆದರಿಕೆ ಆಯ್ತು, ಸುಳ್ಳು ಹೇಳಲ್ಲ. ಇವನು ಎರಡಕ್ಕೂ ಸಹಿ ಹಾಕದೆ ಎದ್ದುಹೋದರೆ? ವಿಡಿಯೋ ಊರೆಲ್ಲಾ ಹರಿದಾಡ್ತಿತ್ತು, ಹುಡುಗಿಯ ಸೀಟು ನನ್ನ ಹಗೆಗೆ ಬಲಿಯಾಗ್ತಿತ್ತು. ನಾನೇ ಇನ್ನೊಬ್ಬ ಸಾವ್ಕಾರ ಆಗಿಬಿಡ್ತಿದ್ದೆ.

ಕೆಳಗಿನಿಂದ ಒಂದು ಹೆಣ್ಣುದನಿ ಬಂತು. ಹುಡುಗಿಯ ಅವ್ವ, ಅಡುಗೆಮನೆಯಿಂದ ಹಂಗೇ ಬಂದಿದ್ದಳು, ಸೆರಗಿಗೆ ಕೈ ಒರೆಸಿಕೊಳ್ತಾ ನಿಂತಿದ್ದಳು. "ಸಹಿ ಹಾಕ್ರಿ ಯಪ್ಪಾ! ಕೊಡ್ರಿ ಅಂತ ಯಾರು ಕೇಳಿದ್ರು ನಿಮ್ಮನ್ನ? ಕೊಡಲ್ಲ ಅಂತ ಬರೆದುಕೊಡ್ರಿ, ಸಾಕು!"

ಯಾರೋ ಒಬ್ಬರು ನಕ್ಕರು. ಆಮೇಲೆ ಹಿಂದಿನ ಸಾಲುಗಳಿಂದ, ಹೌದು ಹಾಕ್ರಿ, ಹಾಕ್ರಿ ಅಂತ ಶುರುವಾಯ್ತು. ಸಾವ್ಕಾರ್ರು ಮೊದಲ ಪತ್ರ ತಗೊಂಡರು, ಖರ್ಚಿನ ಮೊತ್ತದ ಸಾಲು ಬಂದಾಗ ಕಣ್ಣು ನಿಂತಿತು. ಅದನ್ನ ಕೆಳಗಿಟ್ಟರು. ಎರಡನೇದಕ್ಕೆ ಸಹಿ ಹಾಕಿದರು. ಮಕ್ಕಳಿಗೆ ಕೊಟ್ಟ ಪ್ರಶಂಸಾಪತ್ರಗಳಿಗೆ ಒತ್ತಿದ ಸಾವ್ಕಾರ್ರ ಹೆಸರಿನ ಟ್ರಸ್ಟಿನ ಸೀಲು ಟೇಬಲ್ಲಿನ ಮೇಲೇ ಇತ್ತು. ಅದನ್ನ ನಾನೇ ಅವರ ಮುಂದೆ ಸರಿಸಿದೆ.

ಪತ್ರವನ್ನ ಮೈಕಿನಲ್ಲಿ ಜೋರಾಗಿ ಓದಿ ಹುಡುಗಿಯ ಕೈಗೆ ಕೊಟ್ಟು, ನೀಲಿ ಫೈಲಿನ ತಳದಿಂದ ನನ್ನದನ್ನ ತೆಗೆದೆ. ಮಡಿಕೆಯಲ್ಲಿ ಹರಿದಿತ್ತು, ಟೇಪ್ ಹಚ್ಚಿದ್ದೆ. "ಇದಕ್ಕೂ ಒಂದು ಸಹಿ ಬೇಕಿತ್ತು."

"ಇದ್ಯಾರದು?"

"ನಂದು. ಜಗಳೂರಿನಲ್ಲಿ ನನಗೂ ಶಾಲು ಹೊದಿಸಿದ್ರಿ. ಮೈಕ್‌ಸೆಟ್‌ನವರ ಮಗಳು."

ಅವರು ನನ್ನ ಮುಖವನ್ನ ಬಹಳ ಹೊತ್ತು ನೋಡಿದರು. ನೆನಪು ಬರಲಿಲ್ಲ. ಒಂದು ಚೂರೂ ಬರಲಿಲ್ಲ. ನಾನು ಪ್ರತಿ ದಿನ ನೆನೆದು ಬೈದ ಮನುಷ್ಯನಿಗೆ ನಾನು ಯಾರೂ ಅಲ್ಲ. "ಆವಾಗಲೇ ಕೇಳಿದ್ರೆ ಕೊಡ್ತಿದ್ನಲ್ಲವ್ವ" ಅಂದರು! ಮೈಯೆಲ್ಲಾ ಉರಿದುಹೋಯ್ತು. ಆ ಸೀಲು ತಗೊಂಡು ಅವರ ಹಣೆಗೇ ಒತ್ತಬೇಕು ಅನ್ನಿಸಿತು. ಒತ್ತಲಿಲ್ಲ. ಟೀ ಕಲೆಯ ಪಕ್ಕ ಬೆರಳಿಟ್ಟು, ಇಲ್ಲಿ ಅಂದೆ. ಸಹಿಯನ್ನೂ ಸೀಲನ್ನೂ ಹಾಕಿದರು.

ಹೊನ್ನಾಳಿಗೆ ಬಸ್ಸಿನಲ್ಲಿ ಹುಡುಗಿಯೂ ನನ್ನ ಜೊತೆ ಬಂದಳು, ಮಾರನೇ ದಿನ ದಾಖಲೆ ಹಾಕಾಕೆ. ಅರ್ಧ ದಾರಿಯಲ್ಲಿ ಕೇಳಿದಳು. "ಮೇಡಂ, ಅವರು ಹಂಗೆ ಹೇಳ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಆಮೇಲೆ ಊರು ಬರೋವರೆಗೂ ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ನಾನೂ ಸಮಾಧಾನ ಮಾಡಲಿಲ್ಲ, ಏನಂತ ಮಾಡಲಿ? ಸೋಮವಾರ ಮಧ್ಯಾಹ್ನ ದಾಖಲೆ ಹಾಕಿದೆವು. ಮೂರು ವಾರಕ್ಕೆ ಮಂಜೂರಾಯ್ತು. ಈಗ ಅವಳು ಅಲ್ಲಿ ಓದ್ತಿದ್ದಾಳೆ. ಹೋಗೋ ಮುಂಚೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಆದರೆ ಮೊದಲಿನಂಗೆ ಕಣ್ಣಲ್ಲಿ ಕಣ್ಣಿಟ್ಟು ನಗಲಿಲ್ಲ. ಅಷ್ಟು ದಂಡ ನಾನು ತೆರಬೇಕಾದ್ದೇ. ಆ ಮನುಷ್ಯನನ್ನ ನೆನೆಸಿಕೊಂಡು ಪಾಪ ಅನ್ನಿಸ್ತಾ ಅಂದರೆ, ಇಲ್ಲ.

ಅವಳ ದಾಖಲೆ ಹಾಕಿದ ಮುಂದಿನ ಭಾನುವಾರವೇ ಬಿಳಿಚೋಡಿಗೆ ಹೋಗಿದ್ದೆ. ಅಪ್ಪ ಅಂಗಡಿ ಮುಂದೆ ಒಂದು ಹಾರ್ನ್ ಬಿಚ್ಚಿ ಹಾಕಿಕೊಂಡು ಕೂತಿದ್ದ. ಪತ್ರ ಕೈಗೆ ಕೊಟ್ಟೆ. ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ. ಸೀಲನ್ನ ಹೆಬ್ಬೆರಳಿನಿಂದ ಸವರಿದ. ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ. ಒಳಗೆ ಆ ಪೇಪರ್ ತುಂಡು, ಉತ್ತರದ ಜೊತೆ ವಾಪಸ್ ಬಂದಿದ್ದ ಹಸಿರು ಇಂಕಿನ ಜೆರಾಕ್ಸು. ಪತ್ರವನ್ನೂ ಅದರೊಳಗೆ ಸೇರಿಸಿ ಮುಚ್ಚಿದ. ಅವನು ಆ ಮಾತು ಹೇಳ್ತಾನೆ, ಇಡಬಾರದಿತ್ತು ಅಂತಾನೆ ಅಂತ ನಾನು ಕಾದೆ. ಹೇಳಲಿಲ್ಲ.

"ಸಹಿ ಹಾಕಿದಾಗ ಮೈಕ್ ಆನ್ ಇತ್ತಾ?" ಅಂದ.

"ಇತ್ತಪ್ಪ. ನನ್ನ ಕೈಯಾಗೇ ಇತ್ತು."

"ವಾಲ್ಯೂಮ್?"

"ಪೂರ್ತಿ. ಕೊಡಲ್ಲ ಅಂತ ಬರೆದಿದ್ದನ್ನ ನ್ಯಾಮತಿ ಬಸ್ ಸ್ಟ್ಯಾಂಡಿಗೆ ಕೇಳೋಹಂಗೆ ಓದಿ ಹೇಳಿದೆ."

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ಪಕ್ಕದ ಸ್ಟೂಲನ್ನ ಟವೆಲ್ಲಿನಿಂದ ಒರೆಸಿ ನನ್ನ ಕಡೆ ಸರಿಸಿದ.

"ಕುಂದ್ರು. ಮೊದಲಿಂದ ಹೇಳು."